ಹಳದಿ ಬಟ್ಟೆ ಬಿದ್ದಾಗ

ಅಮೆರಿಕ ಸಂಯುಕ್ತ ಸಂಸ್ಥಾನದ ಭೂಪಟದಲ್ಲಿ ಮಿಷಿಗನ್ ಸರೋವರವನ್ನು ಗುರುತಿಸಿ, ಅದರ ಪಡುವಣ ದಡದ ಮೇಲೆ ಉತ್ತರಕ್ಕೆ ಬೆರಳಾಡಿಸಿದರೆ, ಸರೋವರದ ಒಂದು ನೀಳವಾದ ತೋಳು ನೆಲದೊಳಕ್ಕೆ ಚಾಚಿಕೊಂಡಿರುವುದು ಕಾಣುತ್ತದೆ. ಆ ತೋಳಿನ ಕೊನೆಯಲ್ಲಿ, ಫಾಕ್ಸ್ ನದಿ ನೀರಿಗೆ ನೀರು ಸೇರಿಸುವಲ್ಲಿ, ಗ್ರೀನ್ ಬೇ ಎಂಬ ಊರಿದೆ. ಕಾಗದದ ಗಿರಣಿಗಳು, ಮಾಂಸದ ಕಾರ್ಖಾನೆಗಳು, ಸುತ್ತಲೂ ಹೈನಿನ ಹಳ್ಳಿಗಳು. ಜನಸಂಖ್ಯೆ ಒಂದು ಲಕ್ಷಕ್ಕೆ ತುಸು ಹೆಚ್ಚು. ಇಷ್ಟು ಚಿಕ್ಕ ಊರಿನಲ್ಲಿ, ಸಾಮಾನ್ಯ ಗೃಹಸ್ಥರ ಮನೆಗಳ ಸಾಲಿಗೆ ಅಂಟಿಕೊಂಡಂತೆ, ಎಂಬತ್ತು ಸಾವಿರ ಜನ ಕುಳಿತು ನೋಡಬಹುದಾದ ಕ್ರೀಡಾಂಗಣವಿದೆಯೆಂದರೆ ಓದುಗರು ನಂಬಲಾರರು. ೧೯೫೭ರಲ್ಲಿ ತೆರೆದ ಈ ಕ್ರೀಡಾಂಗಣದ ಹೆಸರು ಲ್ಯಾಂಬೋ ಫೀಲ್ಡ್. ಪಂದ್ಯದ ದಿನ ಸುತ್ತಲಿನವರು ತಮ್ಮ ಮನೆಯ ಮುಂದಿನ ಹುಲ್ಲುಹಾಸನ್ನೇ ಕಾರು ನಿಲ್ಲಿಸಲು ಬಾಡಿಗೆಗೆ ಕೊಟ್ಟು ನಾಲ್ಕು ಕಾಸು ಮಾಡಿಕೊಳ್ಳುತ್ತಾರೆ.

ಇಲ್ಲಿನ ತಂಡ 'ಪ್ಯಾಕರ್ಸ್'. ೧೯೧೯ರಲ್ಲಿ ಹುಟ್ಟಿದಾಗ ಆಟಗಾರರ ಅಂಗಿಗೆ ಹಣ ಕೊಟ್ಟದ್ದು ಇಂಡಿಯನ್ ಪ್ಯಾಕಿಂಗ್ ಕಂಪೆನಿ. (ನಮ್ಮ ದೇಶಕ್ಕೂ ಅದಕ್ಕೂ ಸಂಬಂಧವಿಲ್ಲ, ಹೆಸರು ಕೇಳಿ ಹಿಗ್ಗಬೇಡಿ.) ಉಳಿದ ತಂಡಗಳಿಗೆಲ್ಲ ಕೋಟ್ಯಧೀಶರು ಯಜಮಾನರಾದರೆ, ಇದಕ್ಕೆ ಜನರೇ ಯಜಮಾನರು. ೧೯೨೩ರಿಂದ ಆಗಾಗ ಷೇರು ಮಾರಿ, ಇಂದು ಐದು ಲಕ್ಷಕ್ಕೂ ಹೆಚ್ಚು ಮಂದಿ ಪಾಲುದಾರರಾಗಿದ್ದಾರೆ. ಆ ಷೇರಿಗೆ ಲಾಭಾಂಶವಿಲ್ಲ. ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬಹುದು, ಅಷ್ಟೆ. ವರ್ಷವಿಡೀ ಸಲ್ಲುವ ಟಿಕೆಟ್ಟುಗಳು ೧೯೬೦ರಿಂದಲೂ ಮುಗಿದೇ ಇವೆ. ಮಗು ಹುಟ್ಟಿದೊಡನೆ ಅದರ ಹೆಸರನ್ನು ಸರದಿಯ ಪಟ್ಟಿಗೆ ಸೇರಿಸುವ ತಂದೆತಾಯಿಗಳೂ ಉಂಟು.

ನನ್ನ ಅಕ್ಕನ ಮಗ ಹನ್ನೆರಡು ವರ್ಷ ಚಿಕಾಗೋದಲ್ಲಿದ್ದು, ಉದ್ಯೋಗದ ನಿಮಿತ್ತ ಈ ಊರಿಗೆ ಸಂಸಾರ ಸಾಗಿಸಿದ್ದ. ಎರಡು ಊರುಗಳ ನಡುವೆ ಸುಮಾರು ಇನ್ನೂರು ಮೈಲಿ. ಆದರೆ ಚಿಕಾಗೋದ 'ಬೇರ್ಸ್' ತಂಡಕ್ಕೂ ಪ್ಯಾಕರ್ಸ್‌ಗೂ ೧೯೨೧ರಿಂದ ನಡೆದುಬಂದ ಹಗೆತನದ ದೂರ ಅಳತೆಗೆ ಸಿಕ್ಕುವಂಥದಲ್ಲ. ಅವನ ಹನ್ನೊಂದು ವರ್ಷದ ಮಗಳು ಹೊಸ ಶಾಲೆಯಲ್ಲಿ ಇನ್ನೂ ಒಬ್ಬ ಗೆಳತಿಯನ್ನೂ ಸಂಪಾದಿಸಿರಲಿಲ್ಲ. ಅಲ್ಲಿ ಮಕ್ಕಳೆಲ್ಲ ಹಸಿರು-ಹೊನ್ನಿನ ಬಣ್ಣ ತೊಟ್ಟು ಬರುವಾಗ ಇವಳ ಬಳಿ ಇದ್ದದ್ದು ಚಿಕಾಗೋದ ಕಿತ್ತಳೆ-ನೀಲಿ ಟೋಪಿ. ಒಂದು ಸಂಜೆ ನನ್ನ ಪಕ್ಕ ಬಂದು ಕುಳಿತಳು.

"ತಾತ, ನೀವು ಯಾರ ಕಡೆಯವರೂ ಅಲ್ಲ. ಭಾನುವಾರ ಇಬ್ಬರಿಗೂ ಪಂದ್ಯ ಇದೆ. ಯಾರು ನ್ಯಾಯವಾಗಿ ಆಡುತ್ತಾರೆ ನೋಡಿ ಹೇಳಿ. ನಾನು ಅವರ ಕಡೆ ಆಗುತ್ತೇನೆ."

ನೆರೆಮನೆಯವರ ಕೃಪೆಯಿಂದ ಮೂರು ಟಿಕೆಟ್ಟು ದೊರೆತು, ನ್ಯಾಯಾಧೀಶನ ಗಾಂಭೀರ್ಯದಿಂದ ಹೋಗಿ ಕುಳಿತೆ. ಆಟದ ತತ್ತ್ವ ಸರಳ: ಚೆಂಡು ಕೈಲಿದ್ದವರು ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದುವರಿಯಬೇಕು. ಆದರೆ ಮುಂದುವರಿದರೆ ತಾನೆ! ದೈತ್ಯಾಕಾರದ ಇಪ್ಪತ್ತೆರಡು ಮಂದಿ ಡಿಕ್ಕಿ ಹೊಡೆದು ರಾಶಿಯಾಗಿ ಬೀಳುವರು, ಸೀಟಿ, ಎದ್ದು ಗುಂಪುಗೂಡಿ ಪಿಸುಗುಟ್ಟುವರು, ಸಾಲಾಗಿ ನಿಲ್ಲುವರು, ಮತ್ತೆ ಡಿಕ್ಕಿ, ಮತ್ತೆ ಸೀಟಿ. ಗಡಿಯಾರದ ಲೆಕ್ಕಕ್ಕೆ ಅರುವತ್ತು ನಿಮಿಷದ ಆಟ; ಮುಗಿಯಲು ಮೂರು ಗಂಟೆಗೂ ಮಿಕ್ಕು ಬೇಕು. ಅದರಲ್ಲಿ ಚೆಂಡು ನಿಜವಾಗಿ ಚಲಿಸುವುದು ಸುಮಾರು ಹನ್ನೊಂದು ನಿಮಿಷವೆಂದು ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ೨೦೧೦ರಲ್ಲಿ ಎಣಿಸಿ ಪ್ರಕಟಿಸಿತ್ತು.

ಇದರ ಮೇಲೆ ದಂಡಗಳು. ತಪ್ಪು ಕಂಡೊಡನೆ ರೆಫರಿ ಸೊಂಟದಿಂದ ಹಳದಿ ಬಟ್ಟೆಯೊಂದನ್ನು ಸೆಳೆದು ನೆಲಕ್ಕೆಸೆಯುತ್ತಾನೆ. ಚೆಂಡು ಕದಲುವ ಮೊದಲೇ ಮೈ ಕದಲಿಸಿದವನ ತಂಡಕ್ಕೆ ಐದು ಗಜ ಹಿಂದಕ್ಕೆ, ಎದುರಾಳಿಯನ್ನು ಅಕ್ರಮವಾಗಿ ಹಿಡಿದರೆ ಹತ್ತು, ಒರಟುತನಕ್ಕೆ ಹದಿನೈದು. ಆಟವನ್ನು ತಡಮಾಡಿದವರಿಗೂ ಐದು ಗಜ ದಂಡ ಉಂಟು. ಆ ದಂಡವನ್ನು ವಿಧಿಸುವುದಕ್ಕಾಗಿ ಆಟವನ್ನು ಇನ್ನಷ್ಟು ತಡಮಾಡುತ್ತಾರೆ! ಚಿಕಾಗೋದವನೊಬ್ಬ ಚೆಂಡು ಹಿಡಿದು ಜಿಂಕೆಯಂತೆ ಓಡಿ ಗಡಿ ಮುಟ್ಟಿದ. ನಾನು ಮೈಮರೆತು ಎದ್ದು ನಿಂತೆ. ಹಿಂದೆ, ಎಲ್ಲೋ ಮೂಲೆಯಲ್ಲಿ, ಹಳದಿ ಬಟ್ಟೆ ಬಿದ್ದಿತ್ತು. ಓಟವೆಲ್ಲ ವ್ಯರ್ಥ. ರೆಫರಿ ಧ್ವನಿವರ್ಧಕದಲ್ಲಿ ಅಪರಾಧಿಯ ಸಂಖ್ಯೆಯನ್ನು ಊರಿಗೆಲ್ಲ ಸಾರಿದ. ಹುಡುಗಿ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡಳು.

ಈ ಬಟ್ಟೆಯ ಹುಟ್ಟು ಸ್ವಾರಸ್ಯವಾಗಿದೆ. ಮೊದಲು ರೆಫರಿಗಳು ಕೊಂಬನ್ನೋ ಸೀಟಿಯನ್ನೋ ಊದುತ್ತಿದ್ದರು. ಗದ್ದಲದಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ. ೧೯೪೧ರಲ್ಲಿ ಒಹಾಯೋ ಸಂಸ್ಥಾನದ ಯಂಗ್ಸ್‌ಟೌನಿನ ತರಬೇತುದಾರ ಡ್ವೈಟ್ ಬೀಡಿಗೆ ಬಟ್ಟೆಯ ಉಪಾಯ ಹೊಳೆದು, ಅವನ ಪತ್ನಿ ಮಗಳ ಹಳೆಯ ವೇಷದ ಉಡುಪನ್ನು ಕತ್ತರಿಸಿ, ಭಾರಕ್ಕೆ ಸೀಸದ ಗುಂಡು ಕಟ್ಟಿ ಹೊಲಿದುಕೊಟ್ಟಳಂತೆ. ಹಳದಿ ಬಣ್ಣ ಬಂದುದು ೧೯೬೫ರಲ್ಲಿ.

ದಂಡ ಕಡಿಮೆ ಇದ್ದವರೇ ನ್ಯಾಯವಂತರೆಂದು ನಾನು ಚೀಟಿಯ ಮೇಲೆ ಗೆರೆ ಎಳೆಯುತ್ತ ಹೋದೆ. ಸೋದರಳಿಯ ನಕ್ಕ. "ಮಾವ, ಆ ಲೆಕ್ಕ ನಡೆಯೋದಿಲ್ಲ. ೨೦೧೬ರಲ್ಲಿ ಓಕ್ಲೆಂಡಿನ ರೈಡರ್ಸ್ ಒಂದೇ ಪಂದ್ಯದಲ್ಲಿ ಇಪ್ಪತ್ತಮೂರು ದಂಡ ತೆತ್ತರು, ದಾಖಲೆ ಅದು. ಆದರೂ ಗೆದ್ದರು!" ರೆಫರಿಯ ಕಣ್ಣೂ ಪರಮಪ್ರಮಾಣವಲ್ಲ. ೨೦೧೫ರ ಜನವರಿ ೧೧ರಂದು ಇದೇ ಮೈದಾನದಲ್ಲಿ ಡಲ್ಲಾಸಿನ ಡೆಜ್ ಬ್ರಯಂಟ್ ನೆಗೆದು ಹಿಡಿದ ಚೆಂಡನ್ನು ಮೊದಲು ಒಪ್ಪಿ, ಆಟ ನಿಲ್ಲಿಸಿ ಚಿತ್ರ ನೋಡಿ, ಹಿಡಿತವಲ್ಲವೆಂದು ತೀರ್ಪಿತ್ತರು. ಪ್ಯಾಕರ್ಸ್ ೨೬-೨೧ರಿಂದ ಗೆದ್ದರು. ಜಗಳ ವರ್ಷಗಟ್ಟಲೆ ನಡೆದು, ೨೦೧೮ರಲ್ಲಿ ನಿಯಮವನ್ನೇ ತಿದ್ದಬೇಕಾಯಿತು.

ನ್ಯಾಯಕ್ಕಾಗಿ ಆಟ ನಿಲ್ಲುವುದನ್ನು ಹೇಗೋ ಸಹಿಸಬಹುದು. ಟೆಲಿವಿಷನ್ನಿನ ಜಾಹೀರಾತಿಗಾಗಿ ನಿಲ್ಲುವುದಿದೆಯಲ್ಲ, ಅದು ಶುದ್ಧ ಅವಿವೇಕ. ಮೈದಾನದ ಅಂಚಿನಲ್ಲಿ ಎದ್ದುಕಾಣುವ ಉಡುಪಿನ ಒಬ್ಬನು ನಿಂತಿರುತ್ತಾನೆ. ಸಾಬೂನು, ಕಾರುಗಳ ಮಾರಾಟ ಮುಗಿಯುವವರೆಗೆ ಇಪ್ಪತ್ತೆರಡು ವೀರರೂ ಸೊಂಟಕ್ಕೆ ಕೈಯಿಟ್ಟು ಅವನ ಸನ್ನೆಗೆ ಕಾಯಬೇಕು. ಟೆಲಿವಿಷನ್ ನೋಡುವವನಿಗಾದರೋ ಕಾಫಿಗೆ ಎದ್ದುಹೋಗುವ ಸ್ವಾತಂತ್ರ್ಯವಿದೆ. ಹಣ ಕೊಟ್ಟು ಬಂದವನು ತಣ್ಣನೆಯ ಲೋಹದ ಬೆಂಚಿನ ಮೇಲೆ ನಡುಗುತ್ತಾನೆ.

ಆದರೆ ಆ ಬಿಡುವುಗಳಲ್ಲೇ ನಮ್ಮ ಸುತ್ತಲಿನ ಜನ ಮಾತಿಗೆ ತೊಡಗಿದರು. ತಲೆತಲಾಂತರದಿಂದ ಅದೇ ಬೆಂಚಿನಲ್ಲಿ ಕುಳಿತವರು. ಒಬ್ಬರ ಮನೆಯ ಬಾಣಂತನ ಮತ್ತೊಬ್ಬರಿಗೆ ಗೊತ್ತು. ಮುಂದಿನ ಸಾಲಿನ ಮುದುಕಿಯೊಬ್ಬಳು ತಿರುಗಿ, ಚಿಕಾಗೋ ಟೋಪಿಯನ್ನು ನೋಡಿ ಸುಳ್ಳುಕೋಪದಿಂದ ಹುಬ್ಬು ಗಂಟಿಕ್ಕಿ, ಬಿಸಿ ಚಾಕಲೇಟಿನ ಲೋಟವನ್ನು ಹುಡುಗಿಯ ಕೈಗಿತ್ತಳು. ಆಮೇಲೆ ಬಟ್ಟೆ ಬಿದ್ದಾಗಲೆಲ್ಲ ತಪ್ಪು ಯಾರದು, ಏನು ಎಂದು ಅವಳಿಗೆ ವಿವರಿಸುವುದೇ ಆ ಮುದುಕಿಯ ಕೆಲಸವಾಯಿತು. ಪ್ಯಾಕರ್ಸ್‌ನವರ ತಪ್ಪಿಗೂ ಆಕೆ ವಿನಾಯಿತಿ ತೋರಲಿಲ್ಲ.

ಆಕೆಯೇ ೧೯೬೭ರ ಡಿಸೆಂಬರ್ ೩೧ರ ಕಥೆಯನ್ನೂ ತೆಗೆದಳು. ಅಂದು ಇಲ್ಲಿ ಡಲ್ಲಾಸಿನೊಡನೆ ಪಂದ್ಯ. ಚಳಿ ಶೂನ್ಯಕ್ಕಿಂತ ಇಪ್ಪತ್ತೈದು ಡಿಗ್ರಿ ಸೆಂಟಿಗ್ರೇಡ್ ಕೆಳಗೆ. ಲೋಹದ ಸೀಟಿ ರೆಫರಿಯ ತುಟಿಗೆ ಹೆಪ್ಪುಗಟ್ಟಿ, ಕಿತ್ತಾಗ ಚರ್ಮವೇ ಬಂತು. ಅಂದಿನ ಆಟವೆಲ್ಲ ಸೀಟಿಯಿಲ್ಲದೆ, ಬರಿಯ ಕೂಗಿನ ಮೇಲೆ ನಡೆಯಿತು. ಆಹಾ, ಅಂಥ ಒಂದು ಪಂದ್ಯ ನನಗೂ ಸಿಕ್ಕಬಾರದಿತ್ತೇ ಎಂದುಕೊಂಡೆ. ಕೊನೆಗೆ ಹದಿನಾರು ಸೆಕೆಂಡು ಉಳಿದಿರಲು, ಮೂರು ಅಂಕ ಹಿಂದಿದ್ದ ಪ್ಯಾಕರ್ಸ್‌ನ ಬಾರ್ಟ್ ಸ್ಟಾರ್ ತನಗುಳಿದ ಕಟ್ಟಕಡೆಯ ಬಿಡುವನ್ನು ಕೇಳಿ ಆಟ ನಿಲ್ಲಿಸಿದ. ಗುರು ಲೊಂಬಾರ್ಡಿಯೊಡನೆ ಎರಡು ಮಾತಾಡಿ ಹಿಂದಿರುಗಿ, ಚೆಂಡನ್ನು ಯಾರಿಗೂ ಕೊಡದೆ ತಾನೇ ಅವುಚಿಕೊಂಡು ಗಡಿಯೊಳಕ್ಕೆ ನುಗ್ಗಿದ. ೨೧-೧೭. ಆ ನಿಲುಗಡೆಯನ್ನು ಈ ಊರಿನಲ್ಲಿ ಯಾರೂ ದೂರುವುದಿಲ್ಲ.

ಹೊರಬರುವಾಗ ಕತ್ತಲಾಗಿತ್ತು. ತೀರ್ಪು ಹೇಳೆಂದು ಹುಡುಗಿ ನನ್ನನ್ನು ಕೇಳಲಿಲ್ಲ. ಗೆರೆ ಎಳೆದ ಚೀಟಿ ಜೇಬಿನಲ್ಲೇ ಉಳಿಯಿತು. ಟೋಪಿ ಅವಳ ತಲೆಯ ಮೇಲೆಯೇ ಇತ್ತು. ಕೊರಳಿಗೆ ಮಾತ್ರ ಆ ಮುದುಕಿ ಸುತ್ತಿದ ಹಸಿರು ಉಣ್ಣೆಯ ವಸ್ತ್ರ. ಬೇಸಗೆಯ ಅಭ್ಯಾಸದ ದಿನಗಳಲ್ಲಿ ಪ್ಯಾಕರ್ಸ್ ಆಟಗಾರರು ಊರಿನ ಮಕ್ಕಳ ಸೈಕಲ್ಲುಗಳನ್ನು ಕೇಳಿ ಪಡೆದು, ಮೊಳಕಾಲು ಗದ್ದಕ್ಕೆ ತಗಲುವಂತೆ ತುಳಿಯುತ್ತ ಮೈದಾನಕ್ಕೆ ಹೋಗುವುದು ವಾಡಿಕೆ. ಮಗು ಅವರ ಶಿರಸ್ತ್ರಾಣ ಹಿಡಿದು ಪಕ್ಕದಲ್ಲಿ ಓಡುತ್ತದೆ. ಇದನ್ನೂ ಮುದುಕಿಯೇ ಹೇಳಿದ್ದಳು.

"ಅಪ್ಪಾ, ನನ್ನ ಸೈಕಲ್ಲು ಕಿತ್ತಳೆ ಬಣ್ಣದ್ದು. ಅದನ್ನು ಅವರು ತೊಗೋತಾರಾ?"

"ಮೊದಲು ಅದಕ್ಕೆ ಗಾಳಿ ಹಾಕಿಸಬೇಕು" ಎಂದ ನನ್ನ ಸೋದರಳಿಯ, ಯಾರದೋ ಹುಲ್ಲುಹಾಸಿನ ಮೇಲೆ ನಿಲ್ಲಿಸಿದ್ದ ಕಾರನ್ನು ಹುಡುಕುತ್ತ.