ಋಣ ಋಣ ಗುಣಿಸಿದರೆ

ವಿದ್ಯಾನಗರ, ಹುಬ್ಬಳ್ಳಿ
ಜುಲೈ 15, 2024, ಸೋಮವಾರ

ಇಂದಿನಿಂದ ಬಿ.ಇಡಿ. ಇಂಟರ್ನ್‌ಶಿಪ್. 16 ವಾರ ಈ ಕನ್ನಡ ಶಾಲೆಯೇ ನನ್ನ ಕಾಲೇಜು.

ಹೋದ ವರ್ಷದ ಮೈಕ್ರೋ ಟೀಚಿಂಗ್‌ನಲ್ಲಿ 6 ನಿಮಿಷ ಪಾಠ, 6 ನಿಮಿಷ ವಿಮರ್ಶೆ, 12 ನಿಮಿಷ ತಿದ್ದಿ ಬರೆಯುವುದು, ಮತ್ತೆ 6 ನಿಮಿಷ ಪಾಠ, 6 ನಿಮಿಷ ವಿಮರ್ಶೆ. 36 ನಿಮಿಷಕ್ಕೆ ಒಂದು ಸುತ್ತು ಮುಗಿಯುತ್ತಿತ್ತು. ಎದುರಿಗೆ ಮಕ್ಕಳಾಗಿ ಕೂತ ಗೆಳತಿಯರು ನನಗೆ ಬೇಕಾದ ಉತ್ತರವನ್ನೇ ಕೊಡುತ್ತಿದ್ದರು. ಇಂದು ಏಳನೆಯ ತರಗತಿಯ 38 ಮಕ್ಕಳು ಎದ್ದು ನಿಂತು ‘ನಮಸ್ತೇ ಟೀಚರ್’ ಎಂದಾಗ ಎದೆ ಡವಗುಟ್ಟಿತು. ಆ ಹೆಸರಿಗೆ ನಾನಿನ್ನೂ ತಕ್ಕವಳಾಗಬೇಕು.

ಜುಲೈ 18, ಗುರುವಾರ

ಪೂರ್ಣಾಂಕಗಳ ಗುಣಾಕಾರ. ನಿಯಮವನ್ನು ಹಲಗೆಯ ಮೇಲೆ ಬರೆದು ತಿರುಗುವಷ್ಟರಲ್ಲಿ ಕೊನೆಯ ಸಾಲಿನ ಹುಡುಗ ಕೈ ಎತ್ತಿದ. “ಟೀಚರ್, ಋಣಕ್ಕ ಋಣ ಗುಣಿಸಿದ್ರ ಧನ ಯಾಕ ಆಗ್ತೈತ್ರೀ?”

ಬಿ.ಎಸ್ಸಿ. ಮುಗಿಯುವವರೆಗೂ ಈ ನಿಯಮವನ್ನು ಎಷ್ಟು ಸಲ ಬಳಸಿದ್ದೇನೋ. ಯಾಕೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. “ನನಗೂ ಗೊತ್ತಿಲ್ಲಪ್ಪಾ, ಸೋಮವಾರ ಹೇಳ್ತೀನಿ” ಎಂದೆ.

ಹಿಂದೆ ಕೂತು ಪಾಠ ನೋಡುತ್ತಿದ್ದ ಹಿರಿಯ ಶಿಕ್ಷಕಿ ಆಮೇಲೆ ಕರೆದರು. ಬೈಯುತ್ತಾರೆಂದುಕೊಂಡೆ. “ಗೊತ್ತಿಲ್ಲ ಅಂದದ್ದು ಛಲೋ ಆತು ನೋಡವಾ. ಈಗ ಹುಡುಕು” ಎಂದರು.

ಜುಲೈ 21, ಭಾನುವಾರ, ಗುರುಪೂರ್ಣಿಮೆ

ಚಿಗರಿ ಬಸ್ ಹಿಡಿದು ಧಾರವಾಡಕ್ಕೆ ಹೋಗಿ, ಕವಿ ಬೇಂದ್ರೆಯವರು ಬಾಳಿದ ಸಾಧನಕೇರಿಯ ಕೆರೆಯ ದಂಡೆಯಲ್ಲಿ ತುಸು ಹೊತ್ತು ಕೂತು ಬಂದೆ. ಅವರು ಬಿ.ಎ. ಮುಗಿಸಿ ಬಂದು ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡಿದವರು. ಕವಿತೆಯಷ್ಟೇ ಅಕ್ಕರೆಯಿಂದ ಅಂಕಿಗಳ ಬೆನ್ನು ಹತ್ತಿದವರು. ಕಲಿಸುವವರಿಗೆ ಕಲಿಯುವ ಹಸಿವು ಇಂಗಬಾರದು ಎಂದು ಆ ಕೆರೆಯ ದಂಡೆಯಲ್ಲಿ ಅನಿಸಿತು.

ರಾತ್ರಿ ಹಾಳೆ ತೆಗೆದುಕೊಂಡು ಕೂತೆ. 3 × −2 ಅಂದರೆ −6. 2 × −2 ಅಂದರೆ −4. 1 × −2 ಅಂದರೆ −2. ಸೊನ್ನೆಗೆ ಸೊನ್ನೆ. ಪ್ರತಿ ಮೆಟ್ಟಿಲಿಗೂ ಎರಡೆರಡು ಏರುತ್ತಿದೆ. ಹಾಗಾದರೆ −1 × −2? +2 ಆಗದೆ ವಿಧಿಯೇ ಇಲ್ಲ! ಹೊರಗೆ ಮಳೆ ಸುರಿಯುತ್ತಿತ್ತು, ಕೋಣೆಯಲ್ಲಿ ನಾನೊಬ್ಬಳೇ ನಗುತ್ತಿದ್ದೆ. ಕ್ರಿ.ಶ. 628ರಲ್ಲೇ ಬ್ರಹ್ಮಗುಪ್ತ ಧನ, ಋಣ ಎಂಬ ಮಾತುಗಳಲ್ಲೇ ಈ ನಿಯಮ ಹೇಳಿದ್ದಾನೆ. ಓದಿದ್ದು ನೆನಪಿತ್ತು, ಅರ್ಥವಾದದ್ದು ಇಂದು.

ಜುಲೈ 22, ಸೋಮವಾರ

ಮೆಟ್ಟಿಲುಗಳನ್ನು ಹಲಗೆಯ ಮೇಲೆ ಇಳಿಸಿದೆ. ಸೊನ್ನೆಗೆ ಬಂದು ನಿಲ್ಲಿಸಿ, “ಮುಂದಿಂದು ನೀವ ಹೇಳ್ರಿ ನೋಡೋಣ” ಎಂದೆ. ತುಸು ಹೊತ್ತು ಯಾರೂ ಮಾತಾಡಲಿಲ್ಲ. ಉತ್ತರ ನಾಲಿಗೆಯ ತುದಿಗೆ ಬಂದರೂ ತಡೆದುಕೊಂಡೆ. ಎರಡನೆಯ ಸಾಲಿನ ಹುಡುಗಿ “ಎರಡು, ಧನ ಎರಡು!” ಎಂದು ಕೂಗಿದಳು.

ಆದರೆ ಪ್ರಶ್ನೆ ಕೇಳಿದವನ ಮುಖ ಇನ್ನೂ ಬಿಗಿಯಾಗಿತ್ತು. ಋಣ ಎಂದರೆ ನಿನಗೇನು ಅನಿಸುತ್ತದೆ ಎಂದು ಕೇಳಿದೆ. “ಉದ್ರಿ ರೀ” ಎಂದ. ಅವನ ಅಪ್ಪನದು ಸಣ್ಣ ಕಿರಾಣಿ ಅಂಗಡಿ. ಆಮೇಲೆ ತಾನೇ ಯೋಚಿಸುತ್ತ ನಿಧಾನಕ್ಕೆ ಹೇಳಿದ: “ನಂದು ಇಪ್ಪತ್ತಿಪ್ಪತ್ತು ರೂಪಾಯಿದು ಐದು ಉದ್ರಿ ಚೀಟಿ ಅದಾವು. ಸಾಹುಕಾರ ಐದೂ ಹರದು ಒಗದ್ರ ನನಗ ನೂರು ರೂಪಾಯಿ ಉಳದ್ಹಂಗ ಅಲ್ರೀ ಟೀಚರ್?”

ಋಣ ಐದು, ಋಣ ಇಪ್ಪತ್ತು, ಧನ ನೂರು. ನನ್ನ ಮೆಟ್ಟಿಲುಗಳಿಗಿಂತ ಅವನ ಚೀಟಿ ಚೆಂದ. ಪಾಠಯೋಜನೆಯಲ್ಲಿ ಅದನ್ನೇ ಬರೆದುಕೊಂಡೆ.

ಆಗಸ್ಟ್ 10, ಶನಿವಾರ

ಪಂಚಮಿ ಮುಗಿದು ಮಕ್ಕಳು ಶೇಂಗಾ ಉಂಡಿ ತಂದಿದ್ದರು. ಊರಿಗೆ ಹೋಗಿ ಎರಡು ವಾರ ಶಾಲೆ ತಪ್ಪಿಸಿದ್ದ ಗೆಳೆಯನಿಗೆ ನಮ್ಮ ಉದ್ರಿ ಹುಡುಗ ಲೆಕ್ಕ ಹೇಳಿಕೊಡುತ್ತಿದ್ದ. ಬಾಗಿಲಲ್ಲೇ ನಿಂತೆ. ಹಾಳೆಯ ಐದು ಚೂರು ಮುಂದಿಟ್ಟು ಅವನು ಉತ್ತರ ಹೇಳಲಿಲ್ಲ. “ಮುಂದಿಂದು ನೀನ ಹೇಳು ನೋಡೋಣ” ಎಂದು ಸುಮ್ಮನೆ ಕಾಯುತ್ತ ಕೂತ.

ಒಳಗೆ ಹೋಗದೆ ನಾನೂ ಕಾದೆ.