ಹಾಜರಿ ಪಟ್ಟಿಯಲ್ಲಿಲ್ಲದವರು

ಕಳೆದ ಯುಗಾದಿಗೆ ನಮ್ಮ ತಮ್ಮನ ಮಗ ಬೆಂಗಳೂರಿನಿಂದ ಊರಿಗೆ ಬಂದಿದ್ದನು. ದೊಡ್ಡ ಗಣಕಯಂತ್ರಗಳನ್ನು ನೋಡಿಕೊಳ್ಳುವುದು ಅವನ ಉದ್ಯೋಗ. ಹಬ್ಬದ ರಾತ್ರಿಯೇ ಕಚೇರಿಯಿಂದ ಕರೆ ಬಂದಿತು. ಅರ್ಧ ಊಟದಲ್ಲಿ ಎದ್ದು ಲ್ಯಾಪ್‌ಟಾಪಿನ ಮುಂದೆ ಕುಳಿತವನು ನಡುರಾತ್ರಿಯಾದರೂ ಏಳಲಿಲ್ಲ. ನಿದ್ರೆ ಬಾರದ ನಾವೂ ಪಕ್ಕದಲ್ಲಿ ಕುಳಿತೆವು.

ಅವನು ವಿವರಿಸಿದುದು ಹೀಗೆ: ಅಣ್ಣತಮ್ಮಂದಿರು ಗೋಡೆಯಿಟ್ಟು ಮನೆಯನ್ನು ಪಾಲು ಮಾಡಿಕೊಳ್ಳುವಂತೆ, ಮೇನ್‌ಫ್ರೇಮ್ ಎಂಬ ಮಹಾಯಂತ್ರವನ್ನು ಹಲವು ಪಾಲುಗಳಾಗಿ ವಿಂಗಡಿಸುತ್ತಾರೆ. ಐ.ಬಿ.ಎಂ. ಕಂಪನಿಯವರು 1999ರ ಡಿಸೆಂಬರಿನಲ್ಲಿ ಲಿನಕ್ಸನ್ನು ಈ ಯಂತ್ರಕ್ಕೆ ಹೊಂದಿಸಿ ಪ್ರಕಟಿಸಿದ ಮೇಲೆ, ಅಂತಹ ಪಾಲೊಂದರಲ್ಲಿ ಲಿನಕ್ಸ್ ಸಂಸಾರ ಹೂಡುವುದು ಸಾಧ್ಯವಾಯಿತು. ಹೊರಗಿನವರೊಡನೆ ಮಾತಾಡಲು ಅದಕ್ಕೆ ಓ.ಎಸ್.ಎ. ಎಂಬ ನೆಟ್‌ವರ್ಕ್ ಕಾರ್ಡು ಬೇಕು. ಕಾರ್ಡು ಒಂದೇ ಆದರೂ ಲಿನಕ್ಸ್ ಅದನ್ನು ಮೂರು ಸಂಖ್ಯೆಗಳಿಂದ ಗುರುತಿಸುತ್ತದೆ: ಓದಲು ಒಂದು, ಬರೆಯಲು ಒಂದು, ದತ್ತಾಂಶ ಸಾಗಿಸಲು ಇನ್ನೊಂದು. ಮೂರೂ ಗುಂಪುಗೂಡಿದರೆ ಮಾತ್ರ ಸಂಪರ್ಕ.

ಅಂದು ಮೂರರಲ್ಲಿ ಒಂದೂ ಕಾಣುತ್ತಿರಲಿಲ್ಲ. ಕೇಬಲ್ ಸರಿ, ವಿಳಾಸ ಸರಿ, ಪಾಲಿಗೆ ಕಾರ್ಡು ಹಂಚಿದ್ದೂ ಸರಿ.

“ಹುಡುಗ ಶಾಲೆಗೆ ಬಂದಿದ್ದಾನೆ, ಹಾಜರಿ ಪಟ್ಟಿಯಲ್ಲಿ ಹೆಸರಿಲ್ಲವೇನೋ” ಎಂದು ನಾವು ನಗೆಯಾಡಿದೆವು.

ಅವನು ತಟ್ಟನೆ ತಲೆಯೆತ್ತಿದನು. “ಅದೇ ಇರಬೇಕು, ದೊಡ್ಡಪ್ಪ!”

ಇಂತಹ ಯಂತ್ರಕ್ಕೆ ಸಾವಿರಾರು ಸಾಧನಗಳು ಅಂಟಿಕೊಂಡಿರಬಹುದು. ಆದುದರಿಂದ ಕಡೆಗಣಿಸಬೇಕಾದವುಗಳ ಪಟ್ಟಿಯೊಂದನ್ನು ಲಿನಕ್ಸಿಗೆ ಕೊಡುವ ರೂಢಿಯುಂಟು. ‘ಸಿಐಓ ಇಗ್ನೋರ್’ ಎಂದು ಅದರ ಹೆಸರು. ಅದರಲ್ಲಿರುವುದು ಲಿನಕ್ಸಿನ ಕಣ್ಣಿಗೆ ಬೀಳದು. ಮೂರೂ ಸಂಖ್ಯೆಗಳು ಅಲ್ಲಿದ್ದವು! ತೆಗೆದು ಗುಂಪುಗೂಡಿಸಿದೊಡನೆ ಸಂಪರ್ಕ ಬಂದಿತು.

ನಾವು ಏಳಹೊರಟರೆ ಅವನು ತಡೆದನು. “ಇದು ಬಾಯಿಮಾತಿನ ಹಾಜರಿ, ದೊಡ್ಡಪ್ಪ. ಒಮ್ಮೆ ನಿಲ್ಲಿಸಿ ಶುರು ಮಾಡಿದರೆ ಅಳಿಸಿಹೋಗುತ್ತದೆ. ಬರೆದಿಡಬೇಕು.” ‘ಸಿಎಚ್‌ಝಡ್‌ಡೆವ್’ ಎಂಬ ಆಜ್ಞೆಯಿಂದ ಶಾಶ್ವತವಾಗಿ ದಾಖಲಿಸಿ, ಕಡೆಗಣನೆಯ ಪಟ್ಟಿಯನ್ನೂ ತಿದ್ದಿ, ಲಿನಕ್ಸನ್ನು ನಿಲ್ಲಿಸಿ ಮತ್ತೆ ಎಬ್ಬಿಸಿ ನೋಡಿದ ಮೇಲೆಯೇ ಅವನು ಮಲಗಿದನು.

ನಮಗೆ ಮಾತ್ರ ನಿದ್ರೆ ಹತ್ತಲಿಲ್ಲ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಕನ್ನಡದ ಮನೆಗಳು ಇಲ್ಲಿಯೇ ಉಳಿದವು. ಹಿಂದಿನ ಜೂನ್ ತಿಂಗಳ ದಾಖಲಾತಿಯ ಗಡಿಬಿಡಿಯಲ್ಲಿ, ಕೆಲವು ಮಕ್ಕಳ ಮಾತೃಭಾಷೆಯ ಕಲಮಿನಲ್ಲಿ ಹೆತ್ತವರನ್ನು ಕೇಳದೆ ‘ತೆಲುಗು’ ಎಂದು ಬರೆದವರು ಬೇರಾರೂ ಅಲ್ಲ, ನಾವೇ. ತೆಲುಗು ನಮಗೆ ಅನ್ಯವಲ್ಲ. ಸಂತೆಯಲ್ಲಿ, ಕಚೇರಿಯಲ್ಲಿ ನಾವಾಡುವ ಭಾಷೆಯೇ. ಆದರೆ ಮನೆಯಲ್ಲಿ ಕನ್ನಡವಾಡುವ ಮಗು ಪುಸ್ತಕದಲ್ಲಿ ಕಾಣದಿದ್ದರೆ, ನಾಳೆ ಕನ್ನಡದ ಉಪಾಧ್ಯಾಯರನ್ನೂ ಪಠ್ಯಪುಸ್ತಕವನ್ನೂ ಯಾವ ಲೆಕ್ಕ ತೋರಿಸಿ ಕೇಳೋಣ?

ಮರುದಿನವೇ ಆ ಮನೆಗಳಿಗೆ ಹೋಗಿ, ನಮ್ಮ ತಪ್ಪನ್ನು ಒಪ್ಪಿಕೊಂಡು, ತಿದ್ದುಪಡಿಗೆ ಅರ್ಜಿ ಬರೆಯಿಸಿಕೊಂಡೆವು. ಒಬ್ಬ ಅಜ್ಜಿ ಹೆಬ್ಬೆಟ್ಟು ಒತ್ತುತ್ತಾ ಕೇಳಿದಳು: “ಹಂಗಾರೆ ಇಷ್ಟು ದಿನ ನಮ್ಮ ಹುಡುಗ ಯಾವ ಭಾಷೆಯವನಾಗಿದ್ದ ಸಾರ್?”

ಮೂವತ್ತು ಮಕ್ಕಳ ಮುಂದೆ ಎಂದೂ ತಡವರಿಸದ ನಮಗೆ ಅಂದು ಉತ್ತರ ಹೊಳೆಯಲಿಲ್ಲ.