ಪೆಟ್ಟಿಗೆಯ ಮೇಲಿನ ಮಾತು

ಎತ್ತನ್ನು ಕೊಳ್ಳುವವನು ಅದರ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಬೆಲ್ಲವನ್ನು ಕೊಳ್ಳುವವನು ಅಚ್ಚಿನ ಮೂಲೆ ಮುರಿದು ಚೂರೊಂದನ್ನು ನಾಲಗೆಯ ಮೇಲಿಟ್ಟುಕೊಳ್ಳುತ್ತಾನೆ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಕಾಯನ್ನು ಬೆರಳಿನಿಂದ ತಟ್ಟಿದ ಮಾತ್ರಕ್ಕೆ ಒಳಗಿರುವುದು ಬರಿಯ ನೀರೋ, ಗಂಜಿ ಕಟ್ಟಿದೆಯೋ ಎಂದು ಹೇಳಬಲ್ಲ ಅನುಭವಿಗಳಿದ್ದಾರೆ. ಮಂಡ್ಯ ಜಿಲ್ಲೆಯ ಬೇಸಾಯಗಾರನು ಕೊಳ್ಳುವ ಕೆಲಸದಲ್ಲಿ ಅಷ್ಟು ಸುಲಭವಾಗಿ ಮೋಸಹೋಗುವವನಲ್ಲ. ಅವನ ಕಣ್ಣು, ಕೈ, ಮೂಗು, ನಾಲಗೆಗಳೇ ಅವನ ತಕ್ಕಡಿ.

ಆದರೆ ಈ ತಕ್ಕಡಿಗೆ ನಿಲುಕದ ವಸ್ತುಗಳೂ ಉಂಟು. ಅವುಗಳಲ್ಲಿ ಟಿ.ವಿ.ಯೂ ಒಂದು. ಅದನ್ನು ತಟ್ಟಿ ನೋಡುವಂತಿಲ್ಲ, ಮೂಸಿ ನೋಡುವಂತಿಲ್ಲ. ಅಂಗಡಿಯ ಗೋಡೆಯ ಮೇಲೆ ಇಪ್ಪತ್ತು ಟಿ.ವಿ.ಗಳು ಸಾಲಾಗಿ ಒಂದೇ ಹೂವನ್ನೂ ಒಂದೇ ಜಲಪಾತವನ್ನೂ ತೋರಿಸುತ್ತಿರುತ್ತವೆ. ಎಲ್ಲವೂ ಹೊಳೆಯುತ್ತವೆ. ಆಗ ಕೊಳ್ಳುವವನಿಗೆ ಉಳಿಯುವ ಆಧಾರವೆಂದರೆ ಪೆಟ್ಟಿಗೆಯ ಮೇಲೆ ಅಚ್ಚಾದ ಮಾತು. ವಸ್ತುವಿನ ಸ್ಥಾನದಲ್ಲಿ ಮಾತೇ ಬಂದು ಕುಳಿತುಕೊಳ್ಳುತ್ತದೆ.

ಮೊದಲು ಹೀಗಿರಲಿಲ್ಲ. ಬೆಂಗಳೂರಿನಿಂದ ದೂರದರ್ಶನ ಪ್ರಸಾರ ಆರಂಭವಾದುದು 1981ರಲ್ಲಿ. ಮರುವರ್ಷ, ಎಂದರೆ 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಭಾರತದಲ್ಲಿ ಬಣ್ಣದ ಪ್ರಸಾರ ಬಂದಿತು. ಆ ಕಾಲದಲ್ಲಿ ಟಿ.ವಿ. ಕೊಳ್ಳುವವನ ಮುಂದೆ ಇದ್ದುದು ಎರಡೇ ಪ್ರಶ್ನೆ: ಕಪ್ಪು-ಬಿಳುಪೋ ಬಣ್ಣದ್ದೋ? ದೊಡ್ಡದೋ ಚಿಕ್ಕದೋ? ಎರಡಕ್ಕೂ ಕಣ್ಣೇ ಉತ್ತರ ಹೇಳುತ್ತಿತ್ತು. ಉಳಿದ ಚಿಂತೆಯೆಲ್ಲ ಮನೆಯ ಮೇಲಿನ ಆಂಟೆನಾವನ್ನು ಯಾವ ದಿಕ್ಕಿಗೆ ತಿರುಗಿಸಬೇಕೆಂಬುದು. ಇಂದು ಆಂಟೆನಾ ಮಾಯವಾಗಿದೆ. ಅದರ ಜಾಗದಲ್ಲಿ ಎಲ್.ಇ.ಡಿ., ಕ್ಯೂ.ಎಲ್.ಇ.ಡಿ., ಓ.ಎಲ್.ಇ.ಡಿ., 4ಕೆ, ಎಚ್.ಡಿ.ಆರ್., ಹರ್ಟ್ಸ್ ಎಂಬ ಪದಗಳ ಸೈನ್ಯವೇ ಬಂದು ನಿಂತಿದೆ.

ಮಳವಳ್ಳಿಯ ಸಮೀಪದ ಹಳ್ಳಿಯ ಹಿರಿಯ ರೈತರೊಬ್ಬರು ಕಬ್ಬಿನ ಹಣ ಕೈಸೇರಿದ ಮೇಲೆ ಮನೆಗೊಂದು ಟಿ.ವಿ. ತರಬೇಕೆಂದು ಹೊರಟರು. ಜೊತೆಗೆ ಒಂಬತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗಳು. ಮಳವಳ್ಳಿಯ ಅಂಗಡಿಯವನು ನಲವತ್ತಮೂರು ಇಂಚಿನ ಎಲ್.ಇ.ಡಿ. ಟಿ.ವಿ.ಯೊಂದನ್ನು ತೋರಿಸಿದ. ಇನ್ನೆರಡು ಕಡೆ ವಿಚಾರಿಸೋಣವೆಂದು ಅವರು ಮದ್ದೂರಿಗೆ ಬಂದರು. ಅಲ್ಲಿಯವನು ಎಲ್.ಇ.ಡಿ. ಹಳತಾಯಿತು, ಈಗೇನಿದ್ದರೂ ಕ್ಯೂ.ಎಲ್.ಇ.ಡಿ. ಎಂದ. ಮಂಡ್ಯದ ದೊಡ್ಡ ಮಳಿಗೆಯಲ್ಲಿ 4ಕೆ, ಎಚ್.ಡಿ.ಆರ್., ನೂರಿಪ್ಪತ್ತು ಹರ್ಟ್ಸ್ ಎಂಬ ಮೂರು ಮಾತುಗಳು ಹೊಸದಾಗಿ ಸೇರಿಕೊಂಡವು. ಅಳತೆ ಅದೇ ನಲವತ್ತಮೂರು ಇಂಚು. ಆದರೆ ಮಳವಳ್ಳಿಯ ಬೆಲೆಗೂ ಮಂಡ್ಯದ ಬೆಲೆಗೂ ಒಂದು ಕರುವಿನ ಬೆಲೆಯಷ್ಟು ಅಂತರ.

ದನದ ಜಾತ್ರೆಯಲ್ಲಿ ದಲ್ಲಾಳಿಗಳ ಬೆವರಿಳಿಸಿದ್ದ ಹಿರಿಯರು ಇಲ್ಲಿ ಸುಮ್ಮನೆ ತಲೆಯಾಡಿಸುತ್ತ ನಿಂತರು. ತಿಳಿಯಲಿಲ್ಲವೆಂದು ಹೇಳಲು ಸಂಕೋಚ. ಕೈ ನಿಧಾನವಾಗಿ ಹಣದ ಚೀಲದ ಕಡೆಗೆ ಹೋಗುತ್ತಿತ್ತು. ಅಷ್ಟರಲ್ಲಿ ಮೊಮ್ಮಗಳು ಕೆಲಸದ ಹುಡುಗನನ್ನು ಕೇಳಿದಳು:

“ಅಣ್ಣ, ಈ ಕ್ಯೂ ಅಂದ್ರೆ ಏನು?”

“ಅದು ಹೊಸ ಟೆಕ್ನಾಲಜಿ ಕಣಮ್ಮ.”

“ಹೊಸದು ಅಂತ ಗೊತ್ತಾಯ್ತು. ಅದು ಏನು ಮಾಡುತ್ತೆ?”

“ಚಿತ್ರ ಚೆನ್ನಾಗಿ ಬರುತ್ತೆ.”

“ಪಕ್ಕದ್ದರಲ್ಲೂ ಚೆನ್ನಾಗೇ ಬರ್ತಾ ಇದೆಯಲ್ಲಣ್ಣ!”

ಹುಡುಗನಿಗೆ ಮಾತು ಹೊರಡಲಿಲ್ಲ. ಹಿರಿಯರಿಗೆ ಧೈರ್ಯ ಬಂದಿತು. “ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಪ್ಪ. ನನಗೂ ಗೊತ್ತಿಲ್ಲ. ಅದರಲ್ಲಿ ನಾಚಿಕೆ ಏನು ಬಂತು?” ಎಂದರು. ಹುಡುಗನು ನಕ್ಕು, “ಕಂಪನಿಯವರು ಬರೆದುಕೊಟ್ಟಿದ್ದನ್ನ ನಾವು ಹೇಳ್ತೀವಿ, ಯಜಮಾನ್ರೇ. ನಮಗೂ ಅಷ್ಟೇ ಗೊತ್ತಿರೋದು” ಎಂದ. ಅವನು ಮೋಸಗಾರನಾಗಿರಲಿಲ್ಲ. ಮಾರುವವನೂ ಕೊಳ್ಳುವವನೂ ಅರಿಯದ ಮಾತಿಗೆ ಬೆಲೆ ಮಾತ್ರ ಅಚ್ಚಾಗಿತ್ತು. ಆ ದಿನ ಅಜ್ಜನೂ ಮೊಮ್ಮಗಳೂ ಬರಿಗೈಯಲ್ಲಿ ಹಿಂದಿರುಗಿದರು. ಅವಳು ಪದಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು, ಮರುದಿನ ಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯರ ಮುಂದಿಟ್ಟಳು. ಅವಳ ಹಾಳೆ ಉತ್ತರಗಳಿಂದ ತುಂಬಿತು.

ಮೊದಲನೆಯದು ಇಂಚು. ಇದು ಪರದೆಯ ಅಗಲವೂ ಅಲ್ಲ, ಎತ್ತರವೂ ಅಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಕರ್ಣದ ಅಳತೆ. ನಲವತ್ತಮೂರು ಇಂಚಿನ ಪರದೆಯ ಅಗಲ ಸುಮಾರು ಮೂವತ್ತೇಳೂವರೆ ಇಂಚು, ಎತ್ತರ ಸುಮಾರು ಇಪ್ಪತ್ತೊಂದು ಇಂಚು. ಪೈಥಾಗೊರಸನ ಪ್ರಮೇಯವನ್ನು ಓದಿದವರು ಇದನ್ನು ತಾವೇ ಪರೀಕ್ಷಿಸಬಹುದು.

ಎಲ್.ಇ.ಡಿ. ಎಂಬುದು ಪರದೆಯ ಹೆಸರೇ ಅಲ್ಲ. ಪರದೆಯ ಹಿಂದಿನ ದೀಪದ ಹೆಸರು. ತೊಗಲುಗೊಂಬೆಯಾಟವನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಅಲ್ಲಿ ಬಣ್ಣದ ಗೊಂಬೆಗೆ ತನ್ನದೇ ಬೆಳಕಿಲ್ಲ. ಹಿಂದೆ ದೀಪವಿದ್ದರೆ ಮಾತ್ರ ಅದು ಕಾಣುತ್ತದೆ. ಹಾಗೆಯೇ ಈ ಟಿ.ವಿ.ಯ ಪರದೆಯೊಳಗಿರುವ ದ್ರವಸ್ಫಟಿಕವು ಬೆಳಕನ್ನು ತಡೆಯಬಲ್ಲುದು, ಬಿಡಬಲ್ಲುದು, ತಾನಾಗಿ ಬೆಳಗಲಾರದು. ಹಿಂದೆ ಈ ದೀಪದ ಕೆಲಸವನ್ನು ಸಣ್ಣ ಕೊಳವೆ ದೀಪಗಳು ಮಾಡುತ್ತಿದ್ದವು; ಆಗ ಅದರ ಹೆಸರು ಎಲ್.ಸಿ.ಡಿ. ಟಿ.ವಿ. ದೀಪ ಬದಲಾಯಿತು, ಹೆಸರೂ ಬದಲಾಯಿತು. ಕ್ಯೂ.ಎಲ್.ಇ.ಡಿ. ಎಂಬುದೂ ಇದೇ ಜಾತಿಯದು. ದೀಪಕ್ಕೂ ಪರದೆಗೂ ನಡುವೆ ಕ್ವಾಂಟಂ ಚುಕ್ಕಿಗಳೆಂಬ ಅತಿ ಸೂಕ್ಷ್ಮ ಕಣಗಳ ಪದರವೊಂದು ಹೆಚ್ಚಾಗಿರುತ್ತದೆ. ಬಣ್ಣಗಳು ಅದರಿಂದ ಇನ್ನಷ್ಟು ಶುದ್ಧವಾಗುತ್ತವೆ. ಈ ಚುಕ್ಕಿಗಳ ಸಂಶೋಧನೆಗಾಗಿ 2023ರಲ್ಲಿ ಮೂವರು ವಿಜ್ಞಾನಿಗಳಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಆದುದರಿಂದ ಮಾತು ಸುಳ್ಳಲ್ಲ. ಆದರೆ ಅದು ಬೇರೆಯೇ ಒಂದು ಯಂತ್ರದ ಹೆಸರೂ ಅಲ್ಲ.

ಓ.ಎಲ್.ಇ.ಡಿ. ಮಾತ್ರ ನಿಜವಾಗಿಯೂ ಬೇರೆ. ಅದರಲ್ಲಿ ಹಿಂದಿನ ದೀಪವೇ ಇಲ್ಲ. ದೀಪೋತ್ಸವದ ಹಣತೆಗಳಂತೆ ಒಂದೊಂದು ಚುಕ್ಕಿಯೂ ತಾನೇ ಹೊತ್ತಿ ತಾನೇ ಆರುತ್ತದೆ. ಆರಿದ ಕಡೆ ಕಗ್ಗತ್ತಲೆ. ಆದುದರಿಂದ ಕಪ್ಪು ನಿಜವಾದ ಕಪ್ಪಾಗಿ ಕಾಣುತ್ತದೆ. ಇಂಗ್ಲಿಷ್ ಲಿಪಿಯಲ್ಲಿ ‘ಓ’ ಮತ್ತು ‘ಕ್ಯೂ’ ಅಕ್ಷರಗಳಿಗೆ ಒಂದು ಪುಟ್ಟ ಬಾಲದಷ್ಟೇ ವ್ಯತ್ಯಾಸ, ವಸ್ತುಗಳಲ್ಲಿ ಅಜಗಜಾಂತರ. ಆ ಬಾಲವನ್ನು ಗಮನಿಸದೆ ಒಂದನ್ನು ಇನ್ನೊಂದೆಂದು ತಿಳಿದು ಹಣ ತೆರುವವರುಂಟು.

4ಕೆ ಎಂದರೆ ಚುಕ್ಕಿಗಳ ಲೆಕ್ಕ. ‘ಕೆ’ ಎಂಬುದು ಸಾವಿರದ ಸಂಕೇತ. ಅಡ್ಡಸಾಲಿಗೆ 3,840 ಚುಕ್ಕಿಗಳು, ಅಂತಹ 2,160 ಸಾಲುಗಳು. ಒಟ್ಟು ಸುಮಾರು 83 ಲಕ್ಷ. ಪೂರ್ಣ ಎಚ್.ಡಿ. ಎಂಬುದರಲ್ಲಿ 1,920ರಂತೆ 1,080 ಸಾಲು. ಒಟ್ಟು ಸುಮಾರು 21 ಲಕ್ಷ. ನಾಲ್ಕು ಪಟ್ಟು ಹೆಚ್ಚೆಂಬುದು ಸತ್ಯ. ಆದರೆ ಆ ಹೆಚ್ಚಳ ಕಣ್ಣಿಗೆ ಸೇರಬೇಕಲ್ಲವೆ? ನಲವತ್ತಮೂರು ಇಂಚಿನ ಪೂರ್ಣ ಎಚ್.ಡಿ. ಪರದೆಯಲ್ಲಿ ಒಂದು ಚುಕ್ಕಿಯ ಅಗಲ ಸುಮಾರು ಅರ್ಧ ಮಿಲಿಮೀಟರ್. ಸಾಮಾನ್ಯ ದೃಷ್ಟಿಯ ಕಣ್ಣು ಹತ್ತು ಅಡಿ ದೂರದಿಂದ ಸುಮಾರು 0.9 ಮಿಲಿಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕಿಗಳನ್ನು ಬೇರೆ ಬೇರೆಯಾಗಿ ಗುರುತಿಸಲಾರದು. ನಡುಮನೆಯಲ್ಲಿ ಹತ್ತು ಅಡಿ ದೂರ ಕುಳಿತು ನೋಡುವ ಸಂಸಾರಕ್ಕೆ ಆ ಹೆಚ್ಚಿನ ಚುಕ್ಕಿಗಳು ಇದ್ದೂ ಇಲ್ಲದಂತೆ. ಅಲ್ಲದೆ ಬರುವ ಪ್ರಸಾರವೇ ಕಡಿಮೆ ಚುಕ್ಕಿಯದಾದರೆ ನಡುವಣ ಚುಕ್ಕಿಗಳನ್ನು ಟಿ.ವಿ. ಊಹೆಯಿಂದ ತುಂಬುತ್ತದೆ. ಒಂದು ಲೋಟ ಹಾಲಿಗೆ ನೀರು ಬೆರೆಸಿ ನಾಲ್ಕು ಲೋಟ ಮಾಡಿದಂತೆ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಹರ್ಟ್ಸ್ ಎಂಬುದು ಜರ್ಮನಿಯ ಭೌತವಿಜ್ಞಾನಿ ಹೈನ್ರಿಕ್ ಹರ್ಟ್ಸ್‌ನ ಹೆಸರು. ಪರದೆಯ ಚಿತ್ರ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೆ ಎಂಬುದನ್ನು ಅದು ಅಳೆಯುತ್ತದೆ. ಕೆಲವು ಪೆಟ್ಟಿಗೆಗಳ ಮೇಲೆ ತಯಾರಕರೇ ಕಟ್ಟಿದ ಹೆಸರಿನ ಮುಂದೆ ದೊಡ್ಡ ಸಂಖ್ಯೆಯೊಂದಿರುತ್ತದೆ. ಪರದೆಯ ನಿಜವಾದ ಸಂಖ್ಯೆ ಅದರ ಅರ್ಧವೇ ಆಗಿರಬಹುದು. ಎಚ್.ಡಿ.ಆರ್. ಎಂದರೆ ಅತ್ಯಂತ ಬೆಳಕಿಗೂ ಅತ್ಯಂತ ಕತ್ತಲೆಗೂ ನಡುವಣ ಅಂತರವನ್ನು ಹಿಗ್ಗಿಸಿ ತೋರಿಸುವ ವಿಧಾನ. ದೀಪಕ್ಕೆ ಸಾಕಷ್ಟು ಪ್ರಖರತೆಯಿಲ್ಲದ ಟಿ.ವಿ.ಯೂ ಆ ಚಿತ್ರವನ್ನು ಸ್ವೀಕರಿಸುತ್ತದೆ. ಆದರೆ ಅದರ ಸೊಗಸನ್ನು ಕಾಣಿಸಲಾರದು.

ಇಷ್ಟನ್ನು ತಿಳಿದ ಮೇಲೆ ಅಜ್ಜನೂ ಮೊಮ್ಮಗಳೂ ಮಳವಳ್ಳಿಯ ಅಂಗಡಿಯಲ್ಲಿಯೇ ಪೂರ್ಣ ಎಚ್.ಡಿ.ಯ ಟಿ.ವಿ.ಯೊಂದನ್ನು ಕೊಂಡರು. ಕೆಟ್ಟರೆ ರಿಪೇರಿಗೆ ಹತ್ತಿರ ಎಂಬುದು ಹಿರಿಯರ ವಾದ. ಆ ಗುಣವನ್ನು ಯಾವ ಪೆಟ್ಟಿಗೆಯೂ ಅಚ್ಚುಹಾಕಿರಲಿಲ್ಲ. ಹೆಚ್ಚಿನ ಬೆಲೆಯದನ್ನು ಕೊಳ್ಳುವುದು ತಪ್ಪೆಂದು ಇದರ ಅರ್ಥವಲ್ಲ. ಕತ್ತಲೆಯ ಕೋಣೆಯಲ್ಲಿ ಸಿನಿಮಾ ನೋಡುವ ಹವ್ಯಾಸವುಳ್ಳವನಿಗೆ ಓ.ಎಲ್.ಇ.ಡಿ. ನಿಜವಾದ ಸಂತೋಷವನ್ನು ಕೊಟ್ಟೀತು. ಆದರೆ ಅರ್ಥವಾಗದ ಮಾತಿಗೆ ಯಾರೂ ಬೆಲೆ ತೆರಬೇಕಾಗಿಲ್ಲ.

ವ್ಯಾಪಾರದಲ್ಲಿ ಗೂಢಭಾಷೆ ಹೊಸದೇನಲ್ಲ. ದನದ ಜಾತ್ರೆಗಳಲ್ಲಿ ಹೆಗಲವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡುವ ಪದ್ಧತಿಯುಂಟು. ಆದರೆ ಅಲ್ಲಿ ಗುಟ್ಟಾಗಿರುವುದು ಬೆಲೆ ಮಾತ್ರ. ಎತ್ತಿನ ಹಲ್ಲು ಎಲ್ಲರಿಗೂ ಕಾಣುತ್ತದೆ. ಇಲ್ಲಿ ಬೆಲೆ ಬಹಿರಂಗ, ವಸ್ತುವೇ ಗುಟ್ಟು. ಈ ಗುಟ್ಟನ್ನು ಬಿಡಿಸಿ ಕೇಳುವುದು ಕೊಳ್ಳುವವನ ಹಕ್ಕು. 1986ರಲ್ಲಿ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸ್ಥಾನದಲ್ಲಿ 2019ರ ಹೊಸ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ವಸ್ತುವಿನ ಗುಣ, ಪ್ರಮಾಣ, ದರ್ಜೆ, ಬೆಲೆಗಳನ್ನು ತಿಳಿಯುವುದು ಅದರಲ್ಲಿ ಹೇಳಿದ ಹಕ್ಕುಗಳಲ್ಲೊಂದು. ರಸೀದಿಯನ್ನು ಜೋಪಾನವಾಗಿಟ್ಟುಕೊಂಡವನು ಅನ್ಯಾಯವಾದಾಗ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ದೂರು ಕೊಡಬಹುದು; 1915 ಎಂಬ ದೂರವಾಣಿ ಸಂಖ್ಯೆಯಲ್ಲಿ ಸಲಹೆಯನ್ನೂ ಪಡೆಯಬಹುದು.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು ಉತ್ಪಾದನೆಯಾಗಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅಂದು ಸುತ್ತಲಿನ ಹಳ್ಳಿಗರಿಗೆ ‘ಯೂನಿಟ್’ ಎಂಬುದು ಅನ್ಯಲೋಕದ ಮಾತು. ಇಂದು ಅಕ್ಷರ ಬಾರದ ಅಜ್ಜಿಯೂ ಈ ತಿಂಗಳು ಎಷ್ಟು ಯೂನಿಟ್ ಸುಟ್ಟಿತೆಂದು ಕೇಳುತ್ತಾಳೆ. ಟಿ.ವಿ.ಯ ಮೇಲೆ ಅಂಟಿಸಿದ ನಕ್ಷತ್ರಗಳ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಸಂಖ್ಯೆಯಿರುತ್ತದೆ. ಅದನ್ನು ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೇಳಿ ಕೇಳಿ ಪಳಗಿದ ಪದ ಜನರ ಸೇವಕನಾಗುತ್ತದೆ. ಕೇಳದೆ ಬಿಟ್ಟ ಪದ ಯಜಮಾನನಾಗುತ್ತದೆ. ನಾಳೆ ಪೆಟ್ಟಿಗೆಯ ಮೇಲೆ ಇನ್ನಾವುದೋ ಹೊಸ ಮಾತು ಬಂದೀತು. ಅದು ಏನನ್ನು ಅಳೆಯುತ್ತದೆ, ಆ ಅಳತೆ ಮನೆಯಲ್ಲಿ ಕಣ್ಣಿಗೆ ಕಾಣುತ್ತದೆಯೆ, ಅದಕ್ಕೆ ಈ ಬೆಲೆ ತಕ್ಕುದೆ ಎಂಬ ಮೂರು ಪ್ರಶ್ನೆಗಳು ಮಾತ್ರ ಹಳತಾಗುವುದಿಲ್ಲ.